ಹಲಗೆಯ ಮೇಲೊಂದು ರೈಲು ಮಾರ್ಗ



ಈ ಹೊತ್ತು ನಾನು ಹೇಳಲಿರುವ ವಿಷಯ ಕೇಳಿದರೆ ನಿಮ್ಮಲ್ಲಿ ಕೆಲವರಿಗೆ ನಗು ಬಂದೀತು. ಮೂವತ್ತಾರು ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಕುಳಿತು ಪಾಸ್‌ಬುಕ್ಕು ತುಂಬಿದ ಮನುಷ್ಯ, ನಿವೃತ್ತಿಯಾದ ಮೇಲೆ ಮನೆಯ ಹಿಂದಿನ ಕೋಣೆಯಲ್ಲಿ ಆಟಿಗೆಯ ರೈಲು ಓಡಿಸುತ್ತಾನೆಂದರೆ ನಗು ಬರುವುದು ಸಹಜ. ನಮ್ಮ ಮನೆಯವರೂ ಮೊದಲು ನಕ್ಕರು, ಆಮೇಲೆ ಸಿಟ್ಟಾದರು. ಈಗ ಬಂದವರಿಗೆ ತಾವೇ ಕೋಣೆಯ ಬಾಗಿಲು ತೆಗೆದು ತೋರಿಸುತ್ತಾರೆ. ಈ ಮೂರು ಹಂತಗಳ ನಡುವೆ ನಾನು ಕಲಿತದ್ದನ್ನು ನಿಮ್ಮ ಮುಂದೆ ಇಡುತ್ತೇನೆ.

ನನ್ನ ಊರು ಕೋಸಗಿ. ನಮ್ಮೂರಿಗೆ ರೈಲು ಇಲ್ಲ. ಉತ್ತರಕ್ಕೆ ತಾಂಡೂರಿನಲ್ಲಿ ರೈಲು ಇದೆ. ಅದು ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ಕಾಲದಲ್ಲಿ, 1874ರಲ್ಲಿ ಆದ ಮಾರ್ಗ. ಪಶ್ಚಿಮಕ್ಕೆ ಸೈದಾಪುರ, ಯಾದಗಿರಿಗಳಲ್ಲಿ ರೈಲು ಇದೆ. ಅದು ಮುಂಬಯಿಯಿಂದ ಮದರಾಸಿಗೆ ಹೋಗುವ ಹೆದ್ದಾರಿ. ಮುಂಬಯಿ ಕಡೆಯ ಹಳಿ, ಮದರಾಸು ಕಡೆಯ ಹಳಿ ಎರಡೂ ಬಂದು 1871ರಲ್ಲಿ ನಮ್ಮ ರಾಯಚೂರಿನಲ್ಲಿ ಕೂಡಿಕೊಂಡವು. ಹೀಗೆ ಎರಡು ದೊಡ್ಡ ಮಾರ್ಗಗಳು ನೂರೈವತ್ತು ವರ್ಷದಿಂದ ನಮ್ಮ ಎರಡೂ ಮಗ್ಗುಲಲ್ಲಿ ಓಡುತ್ತಿವೆ. ನಡುವಿನ ನಾವು ಮಾತ್ರ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದೇವೆ.

ನಮ್ಮ ತಂದೆ ನೇಕಾರರು. ಕುಣಿ ಮಗ್ಗದಲ್ಲಿ ಸೀರೆ ನೇಯುತ್ತಿದ್ದರು. ನೇಯ್ದ ಸೀರೆಯ ಗಂಟು ಕಟ್ಟಿಕೊಂಡು ಬಸ್ಸಿನ ಮೇಲೆ ಹಾಕಿಸಿ, ತಾಂಡೂರಿಗೆ ಹೋಗಿ, ಅಲ್ಲಿಂದ ರೈಲಿನಲ್ಲಿ ಹೈದರಾಬಾದಿಗೆ ಒಯ್ಯುತ್ತಿದ್ದರು. ನಾನು ಆರೇಳು ವರ್ಷದವನಿದ್ದಾಗ ಒಮ್ಮೆ ನನ್ನನ್ನೂ ಕರೆದುಕೊಂಡು ಹೋದರು. ಹೋಗುವ ಹಿಂದಿನ ರಾತ್ರಿ “ಅಪ್ಪಾ, ರೈಲಂದ್ರ ಹೆಂಗಿರ್ತದ?” ಎಂದು ಕೇಳಿದೆ. ಮಗ್ಗದ ಕುಣಿಯಲ್ಲಿ ಕುಳಿತಿದ್ದ ಅವರು ಲಾಳಿ ಎತ್ತಿ ತೋರಿಸಿ, “ಹಿಂಗೇ ಇರ್ತದಪ. ಈ ಕಡಿಂದ ಆ ಕಡಿ ಹೋಗ್ತದ, ಮತ್ತ ಈ ಕಡಿಗೇ ಬರ್ತದ. ನಮ್ಮೂರಿಗೆ ಅದೊಂದು ಬಂತಂದ್ರ ನಮ್ಮ ಲಾಳಿ ನಿಂದ್ರೂದಿಲ್ಲ ನೋಡು” ಎಂದರು. ರೈಲು ಬರಲಿಲ್ಲ. ಲಾಳಿ ನಿಂತಿತು. ತಂದೆ ತೀರಿಕೊಂಡ ಮೇಲೆ ಮಗ್ಗ ಬಿಚ್ಚಿ ಅದರ ಕಟ್ಟಿಗೆಯನ್ನು ಅಟ್ಟದ ಮೇಲೆ ಹಾಕಿದೆವು.

ನಿವೃತ್ತಿಯಾದ ವರ್ಷ ನನ್ನ ಅಳಿಯ ಅಮೆರಿಕದಿಂದ ಬರುವಾಗ ಮೊಮ್ಮಗನಿಗೆಂದು ಒಂದು ಪೆಟ್ಟಿಗೆ ತಂದ. ಒಳಗೆ ಒಂದು ಡೀಸೆಲ್ ಎಂಜಿನ್, ಮೂರು ಡಬ್ಬಿ, ಒಂದು ಸುತ್ತಿಗೆ ಆಗುವಷ್ಟು ಹಳಿ. ಇದು ಕೀಲಿ ಕೊಡುವ ಆಟಿಗೆಯಲ್ಲ, ಅಳತೆ ಹಿಡಿದು ಮಾಡಿದ ಮಾದರಿ. ನಿಜವಾದ ರೈಲಿನ 87ರಲ್ಲಿ ಒಂದು ಪಾಲು. ಈ ಅಳತೆಗೆ ಎಚ್‌ಓ ಎಂದು ಹೆಸರು. ಹಳಿಗಳ ನಡುವಿನ ಅಗಲ 16.5 ಮಿಲಿಮೀಟರ್. ಇಂಥದ್ದಕ್ಕೆ ಅಳತೆಯ ಕಟ್ಟುಪಾಡು ಹಾಕಿದವರು ಜರ್ಮನಿಯ ಮ್ಯಾರ್ಕ್ಲಿನ್ ಕಂಪನಿಯವರು, 1891ರಲ್ಲಿ. ಇಂಗ್ಲೆಂಡಿನಲ್ಲಿ ಫ್ರಾಂಕ್ ಹಾರ್ನ್‌ಬಿ 1920ರಲ್ಲಿ ಆಟಿಗೆ ರೈಲು ತಯಾರಿಸಲು ತೊಡಗಿದರು. ನಮ್ಮ ದೇಶದಲ್ಲಿಯೂ ಈ ಗೀಳಿನವರು ಇದ್ದಾರೆ. ಪುಣೆಯ ಕೋಥ್ರೂಡಿನಲ್ಲಿ ಭಾವೂಸಾಹೇಬ್ ಜೋಶಿಯವರು ಕಟ್ಟಿದ ಚಿಕ್ಕ ರೈಲುಗಳ ವಸ್ತುಸಂಗ್ರಹಾಲಯ 1998ರಲ್ಲಿ ಜನರಿಗೆ ತೆರೆಯಿತು. ನಿಜವಾದ ಹಳೆಯ ಎಂಜಿನ್‌ಗಳನ್ನೇ ನೋಡಬೇಕೆನ್ನುವವರಿಗೆ ಮೈಸೂರಿನಲ್ಲಿ 1979ರಿಂದ ರೈಲು ವಸ್ತುಸಂಗ್ರಹಾಲಯವಿದೆ.

ಮೊಮ್ಮಗ ಎರಡು ದಿನ ಆಡಿ ಬಿಟ್ಟ. ನನಗೆ ಬಿಡಲಾಗಲಿಲ್ಲ.

ಮೊದಲ ದಿನವೇ ಮೊದಲ ತಪ್ಪು ಮಾಡಿದೆ. ಆ ಪೆಟ್ಟಿಗೆಯ ಅಡಾಪ್ಟರು ಅಮೆರಿಕದ 120 ವೋಲ್ಟಿನದು. ನಮ್ಮ ಗೋಡೆಯಲ್ಲಿ ಬರುವುದು 230. ಮೇಲಿನ ಅಕ್ಷರ ಓದದೆ ಪಿನ್ನು ಸಿಕ್ಕಿಸಿದೆ. ಟಪ್ಪೆಂದು ಸದ್ದಾಗಿ ಹೊಗೆ ಬಂತು. ಮೂವತ್ತಾರು ವರ್ಷ ಬೇರೆಯವರಿಗೆ “ಓದಿ ಸಹಿ ಮಾಡ್ರಿ” ಎಂದು ಹೇಳಿದವನು ನಾನು. ಪೇಟೆಯ ರೇಡಿಯೋ ರಿಪೇರಿ ಹುಡುಗ 12 ವೋಲ್ಟಿನ ಬೇರೆ ಅಡಾಪ್ಟರು ಹಾಕಿ, ವೇಗ ಹೆಚ್ಚು ಕಡಿಮೆ ಮಾಡಲು ಒಂದು ತಿರುಗುಗುಂಡಿ, ಹಿಂದೆ ಮುಂದೆ ಓಡಿಸಲು ಒಂದು ಸ್ವಿಚ್ಚು ಕೂಡಿಸಿ ಕೊಟ್ಟ. ಈ ಕೆಲಸಕ್ಕೆ ಇಳಿಯುವವರು ಇದನ್ನು ನೆನಪಿಡಬೇಕು. ಹಳಿಯಲ್ಲಿ ಹರಿಯುವ 12 ವೋಲ್ಟು ಮಕ್ಕಳು ಮುಟ್ಟಿದರೂ ಅಪಾಯವಿಲ್ಲ. ಆದರೆ ಗೋಡೆಯಿಂದ ಅಡಾಪ್ಟರಿನವರೆಗಿನ ಭಾಗಕ್ಕೆ ಮಕ್ಕಳ ಕೈ ತಾಗಬಾರದು.

ಇನ್ನು ಹಲಗೆಯ ವಿಷಯ. ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲದ ಪ್ಲೈವುಡ್ ತಂದು ಕೋಣೆಯ ಮೂಲೆಗೆ ಒತ್ತಿ ಇಟ್ಟೆ. ಅದರ ಮೇಲೆ ಕೋಳಿಮೊಟ್ಟೆಯ ಆಕಾರದಲ್ಲಿ ಹಳಿ ಹಾಸಿದೆ. ರೈಲು ಓಡಿತು. ಆದರೆ ಗೋಡೆಯ ಕಡೆ ಡಬ್ಬಿ ಹಳಿ ತಪ್ಪಿದರೆ ನನ್ನ ಕೈ ಮುಟ್ಟದು. ಮನುಷ್ಯನ ಕೈ ಆರಾಮವಾಗಿ ಮುಟ್ಟುವುದು ಎರಡೂವರೆ ಅಡಿ. ನಾಲ್ಕು ಅಡಿಯ ಹಲಗೆಯನ್ನು ಗೋಡೆಗೆ ಹಚ್ಚಿದ್ದು ಎರಡನೆಯ ತಪ್ಪು. ಒಮ್ಮೆ ಎದೆಯನ್ನು ಹಲಗೆಗೆ ಒತ್ತಿ ಕೈ ಚಾಚಿದಾಗ, ಅಂಗಿಯ ಜೇಬಿನಲ್ಲಿದ್ದ ಕನ್ನಡಕದ ಡಬ್ಬಿ ಸಿಕ್ಕಿ ಎಂಜಿನ್ ನೆಲಕ್ಕೆ ಬಿತ್ತು. ಮುಂದಿನ ಕೊಂಡಿ ಮುರಿಯಿತು.

ಮೂರನೆಯ ತಪ್ಪು ಎಲ್ಲಕ್ಕಿಂತ ದೊಡ್ಡದು, ಆದರೆ ಅದೇ ನನಗೆ ದಾರಿ ತೋರಿಸಿತು. ಸುಮ್ಮನೆ ಸುತ್ತುವ ರೈಲು ಬೇಸರವೆಂದು, ಹೋದ ರೈಲು ತಿರುಗಿ ಅದೇ ಹಳಿಗೆ ಎದುರುಮುಖವಾಗಿ ಬರುವಂತೆ ಒಂದು ಕುಣಿಕೆ ಹಾಕಿದೆ. ಕುಣಿಕೆ ಮುಗಿದು ಹಳಿ ಕೂಡಿದ ಕ್ಷಣವೇ ಅಡಾಪ್ಟರು ನಿಂತುಬಿಟ್ಟಿತು. ಎರಡು ತಿಂಗಳು ತಲೆ ಕೆಡಿಸಿಕೊಂಡೆ. ಕಾರಣ ಸರಳ. ಈ ರೈಲಿಗೆ ವಿದ್ಯುತ್ತು ಹಳಿಯಿಂದಲೇ ಬರುತ್ತದೆ. ಒಂದು ಹಳಿ ಧನ, ಒಂದು ಹಳಿ ಋಣ. ನಮ್ಮ ಲೆಡ್ಜರಿನ ಭಾಷೆಯಲ್ಲಿ ಒಂದು ಜಮಾ, ಒಂದು ಖರ್ಚು. ಮಾರ್ಗ ತಿರುಗಿ ತನ್ನನ್ನೇ ಸೇರಿದಾಗ ಎಡಗಡೆಯ ಹಳಿ ಬಲಗಡೆಯದಕ್ಕೆ ಹೋಗಿ ತಾಗುತ್ತದೆ. ಜಮಾ ಖರ್ಚಿನ ಮೇಲೆ ಬಿದ್ದರೆ ಲೆಕ್ಕ ಹೇಗೆ ಹೊಂದೀತು? ಕುಣಿಕೆಯ ಎರಡು ಕಡೆ ಹಳಿ ಕತ್ತರಿಸಿ ಬಿಡಿಸಿ, ಆ ತುಂಡಿಗೆ ಬೇರೆ ಸ್ವಿಚ್ಚು ಕೊಟ್ಟರೆ ಸರಿಯಾಗುತ್ತದೆ. ನಾನೂ ಹಾಗೆ ಮಾಡಿದೆ. ಓಡಿತು. ಆದರೆ ಆ ಸ್ವಿಚ್ಚು ಒತ್ತುವುದನ್ನು ಮರೆತಾಗಲೆಲ್ಲ ರೈಲು ನಡುದಾರಿಯಲ್ಲಿ ನಿಲ್ಲುತ್ತಿತ್ತು.

ಆ ರಾತ್ರಿ ಯೋಚಿಸಿದೆ. ನಿಜವಾದ ರೈಲು ಸಾಮಾನ್ಯವಾಗಿ ಹೊರಟಲ್ಲಿಗೇ ಸುತ್ತಿ ಬರುವುದಿಲ್ಲ. ಅದು ಒಂದು ಊರಿನಿಂದ ಇನ್ನೊಂದು ಊರಿಗೆ ಹೋಗುತ್ತದೆ, ಅಲ್ಲಿಂದ ತಿರುಗಿ ಬರುತ್ತದೆ. ತಂದೆ ಹೇಳಿದ ಲಾಳಿಯ ಮಾತು ನೆನಪಾಯಿತು. ಸುತ್ತಿನ ಆಸೆ ಬಿಟ್ಟೆ. ಈ ಕಡೆಯಿಂದ ಆ ಕಡೆ ಹೋಗುವ ಮಾರ್ಗ ಮಾಡೋಣ ಎಂದುಕೊಂಡೆ. ಒಂದು ತುದಿಗೆ ಕೃಷ್ಣಾ, ಇನ್ನೊಂದು ತುದಿಗೆ ಕೋಸಗಿ. ನಡುವೆ ಮಖ್ತಲ್, ನಾರಾಯಣಪೇಟೆ.

ಪ್ಲೈವುಡ್ಡನ್ನು ಒಂದೂವರೆ ಅಡಿ ಅಗಲಕ್ಕೆ ಸೀಳಿಸಿ, ಕೋಣೆಯ ಎರಡು ಗೋಡೆಗಳ ಉದ್ದಕ್ಕೂ ಬರುವಂತೆ ಒಂದು ಕಡೆ ಹನ್ನೊಂದು ಅಡಿ, ಇನ್ನೊಂದು ಕಡೆ ಎಂಟು ಅಡಿ ಜೋಡಿಸಿದೆ. ಸಾಲದ ತುಂಡಿಗೆ ಇನ್ನೊಂದು ಹಲಗೆ ತಂದೆ. ಅದಕ್ಕೆ ಕಾಲು ಬೇಕಲ್ಲ? ಅಟ್ಟ ನೆನಪಾಯಿತು.

ಮಗ್ಗದ ಕಟ್ಟಿಗೆ ಇಳಿಸುವಾಗ ನಮ್ಮ ಮನೆಯವರು ಬಂದು ಬಾಗಿಲಲ್ಲಿ ನಿಂತರು. “ಮಾವನವರ ಮಗ್ಗಕ್ಕ ಗರಗಸ ಹಚ್ತೀರೇನ್ರಿ?” ಎಂದು ಕೇಳಿದರು. ಅಷ್ಟು ದಿನ ಅವರು ಖರ್ಚಿನ ಮಾತು ಆಡಿದ್ದರು, ಧೂಳಿನ ಮಾತು ಆಡಿದ್ದರು. ಅದಕ್ಕೆಲ್ಲ ನನ್ನಲ್ಲಿ ಉತ್ತರವಿತ್ತು. ಈ ಮಾತಿಗೆ ಇರಲಿಲ್ಲ. ನನ್ನ ತಮ್ಮ ಸುದ್ದಿ ಕೇಳಿ ಫೋನಿನಲ್ಲಿ, “ಅಣ್ಣಾ, ಅದರಾಗ ನನ್ನದೂ ಪಾಲದ” ಎಂದ. ಎಂಟು ದಿನ ಆ ಕಟ್ಟಿಗೆಯನ್ನು ಪಡಸಾಲೆಯಲ್ಲಿಯೇ ಇಟ್ಟುಕೊಂಡೆ. ಕೊನೆಗೆ ತಮ್ಮನನ್ನು ಊರಿಗೆ ಕರೆಸಿದೆ. ಇಬ್ಬರೂ ಕುಳಿತು ಒಂದು ತೀರ್ಮಾನಕ್ಕೆ ಬಂದೆವು. ಯಾವ ತುಂಡನ್ನೂ ಕತ್ತರಿಸಬಾರದು, ಮೊಳೆ ಹೊಡೆಯಬಾರದು. ಇದ್ದ ಎತ್ತರಕ್ಕೇ ನಿಲ್ಲಿಸಿ ಹಗ್ಗದಿಂದ ಬಿಗಿಯಬೇಕು. ಕಡಿಮೆ ಬಿದ್ದ ಕಾಲಿನ ಕೆಳಗೆ ಇಟ್ಟಿಗೆ ಇಟ್ಟೆವು. ತಮ್ಮನೇ ಹಗ್ಗ ಬಿಗಿದ. ಬೇಕೆಂದಾಗ ಬಿಚ್ಚಿದರೆ ಅದು ಮತ್ತೆ ಮಗ್ಗದ ಕಟ್ಟಿಗೆಯೇ.

ಇಲ್ಲಿ ಅಳತೆಯ ಬಗ್ಗೆ ಸ್ವಲ್ಪ ಹೇಳಬೇಕು. ಲೆಕ್ಕ ಇಷ್ಟಪಡುವವರಿಗೆ ಇದು ಸಿಹಿಯಾದ ಭಾಗ. ಕೃಷ್ಣಾದಿಂದ ಜಕ್ಲೇರಿನವರೆಗಿನ ಹೊಸ ಮಾರ್ಗ 37 ಕಿಲೋಮೀಟರ್. ಅದನ್ನು 87ರಿಂದ ಭಾಗಿಸಿದರೂ 425 ಮೀಟರ್ ಹಲಗೆ ಬೇಕು, ಅಂದರೆ ನಮ್ಮ ಓಣಿ ದಾಟಿ ಹೋಗುತ್ತದೆ. ನನ್ನ ಹತ್ತೊಂಬತ್ತು ಅಡಿ ನಿಜದಲ್ಲಿ ಅರ್ಧ ಕಿಲೋಮೀಟರ್ ಮಾತ್ರ. ನಮ್ಮ ಬ್ರಾಡ್‌ಗೇಜ್ ಹಳಿಯ ತೀರ ಬಿಗಿಯಾದ ತಿರುವಿಗೂ 175 ಮೀಟರ್ ತ್ರಿಜ್ಯ ಬೇಕು, ಅಂದರೆ ಮಾದರಿಯಲ್ಲಿ ಎರಡು ಮೀಟರ್. ಪೆಟ್ಟಿಗೆಯಲ್ಲಿ ಬಂದ ಬಾಗಿದ ಹಳಿ 18 ಅಂಗುಲದ್ದು. ನಮ್ಮ ಹಳೆಯ ಬಗೆಯ ಪ್ರಯಾಣಿಕರ ಡಬ್ಬಿಯ ಉದ್ದ 21.3 ಮೀಟರ್, ಮಾದರಿಯಲ್ಲಿ 245 ಮಿಲಿಮೀಟರ್ ಆಗಬೇಕು. ಅಷ್ಟುದ್ದದ ಡಬ್ಬಿ ಆ ತಿರುವಿನಲ್ಲಿ ಹೊಟ್ಟೆ ಒಳಗೆ, ಮೂಗು ಹೊರಗೆ ಮಾಡಿಕೊಂಡು ಪಕ್ಕದ ಕಂಬಕ್ಕೆ ಹೊಡೆಯುತ್ತದೆ. ಆದ್ದರಿಂದ 200 ಮಿಲಿಮೀಟರಿಗೆ ಕುಗ್ಗಿಸಿದೆ. ಇನ್ನೊಂದು ರಾಜಿಯೂ ಇದೆ. 16.5 ಮಿಲಿಮೀಟರ್ ಎಂಬುದು ಯೂರೋಪು, ಅಮೆರಿಕಗಳ ಹಳಿಯ ಅಗಲಕ್ಕೆ ಹೊಂದುವ ಅಳತೆ. ನಮ್ಮ ಐದೂವರೆ ಅಡಿಯ ಬ್ರಾಡ್‌ಗೇಜಿಗೆ 19 ಮಿಲಿಮೀಟರಿಗಿಂತ ಹೆಚ್ಚು ಬೇಕು. ಅಂಥ ಹಳಿ ಅಂಗಡಿಯಲ್ಲಿ ಸಿಗುವುದಿಲ್ಲ. ನೋಡುವವರ ಕಣ್ಣಿಗೆ ತಿಳಿಯುವುದೂ ಇಲ್ಲ. ಎಲ್ಲ ಅಳತೆಯೂ ಸರಿಯಾಗಲಿ ಎಂದು ಕಾದವನು ಏನನ್ನೂ ಕಟ್ಟುವುದಿಲ್ಲ.

ವೇಗಕ್ಕೂ ಅಳತೆ ಉಂಟು. ಗಂಟೆಗೆ 60 ಕಿಲೋಮೀಟರ್ ವೇಗವೆಂದರೆ ಮಾದರಿಯಲ್ಲಿ ಸೆಕೆಂಡಿಗೆ 19 ಸೆಂಟಿಮೀಟರ್. ನನ್ನ ಮಾರ್ಗ ದಾಟಲು ಅರ್ಧ ನಿಮಿಷ. ಮಕ್ಕಳು ಗುಂಡಿಯನ್ನು ಪೂರ್ತಿ ತಿರುಗಿಸಿ ಬಾಣದಂತೆ ಓಡಿಸುತ್ತಾರೆ. ನಿಧಾನವಾಗಿ ಓಡಿಸಿದರೆ ಮಾತ್ರ ಅದು ರೈಲಿನಂತೆ ಕಾಣುತ್ತದೆ.

ಸಾಮಾನುಗಳೆಲ್ಲ ನಮ್ಮ ಊರಿನವೇ. ಹಳಿಯ ಕೆಳಗೆ ಸದ್ದು ಅಡಗಲೆಂದು ಚಪ್ಪಲಿ ಮಾಡುವವರ ತೆಳು ರಬ್ಬರ್ ಹಾಳೆ. ಹಳಿಯ ನಡುವಿನ ಜಲ್ಲಿಗೆ, ಮನೆಗೆ ಹಾಸಿ ಉಳಿದ ತಾಂಡೂರು ಕಲ್ಲಿನ ತುಣುಕುಗಳನ್ನು ಕುಟ್ಟಿ, ರವೆ ಜರಡಿಯಲ್ಲಿ ಜಾಳಿಸಿ ಹಾಕಿದೆ. ಅದನ್ನು ಅಂಟಿಸಲು ಫೆವಿಕಾಲಿಗೆ ಅಷ್ಟೇ ನೀರು ಬೆರೆಸಿ, ಒಂದು ಹನಿ ಶಾಂಪೂ ಹಾಕಿ, ಔಷಧಿ ಹಾಕುವ ಪಿಲ್ಲರಿನಿಂದ ಹನಿ ಹನಿಯಾಗಿ ಬಿಡಬೇಕು. ಶಾಂಪೂ ಇಲ್ಲದಿದ್ದರೆ ಹನಿ ಮೇಲೆಯೇ ಗುಂಡಗೆ ನಿಲ್ಲುತ್ತದೆ, ಒಳಗೆ ಇಳಿಯುವುದಿಲ್ಲ. ಬಡಗಿಯ ಹೊಟ್ಟು ತಂದು ಹಸಿರು ಬಣ್ಣದಲ್ಲಿ ಅದ್ದಿ ಒಣಗಿಸಿದರೆ ತೊಗರಿ ಹೊಲ. ಡಬ್ಬಿಗಳಿಗೆ ಹಳೆಯ ಲಗ್ನಪತ್ರಿಕೆಗಳ ದಪ್ಪ ರಟ್ಟು. ಹಿಂದಿನ ಕೆಂಪು ದೀಪಕ್ಕೆ ಮಗಳ ಉಗುರುಬಣ್ಣ. ಅಮೆರಿಕದ ಎಂಜಿನ್ನಿಗೆ ರಟ್ಟಿನ ಅಂಗಿ ತೊಡಿಸಿ ನಮ್ಮ ಡಬ್ಲ್ಯುಡಿಎಂ-2 ಮಾಡಿದೆ. ಇದರಲ್ಲಿ ತಪ್ಪೇನಿಲ್ಲ. ಆ ನಿಜವಾದ ಎಂಜಿನ್ ಕೂಡ 1962ರಲ್ಲಿ ಅಮೆರಿಕದ ಆಲ್ಕೋ ಕಂಪನಿಯಿಂದ ಬಂದು, 1964ರಿಂದ ವಾರಾಣಸಿಯಲ್ಲಿ ತಯಾರಾದದ್ದು.

ಹಳಿ ಹಾಸುವವರಿಗೆ ಎರಡು ಕಿವಿಮಾತು. ಒಂದನೆಯದು, ಹಳಿಯ ಕೀಲುಗಳನ್ನು ನಂಬಬೇಡಿ. ಧೂಳು, ಕಿಲುಬು ಸೇರಿ ವಿದ್ಯುತ್ತು ಮುಂದೆ ಹೋಗುವುದಿಲ್ಲ. ಮೂರು ಅಡಿಗೊಂದು ಕಡೆ ಕೆಳಗಿನಿಂದ ತಂತಿ ಬೆಸುಗೆ ಹಾಕಿರಿ. ಎರಡನೆಯದು, ನಾನು ಜನವರಿಯ ಚಳಿಯಲ್ಲಿ ಹಳಿಗಳನ್ನು ಬಿಗಿಯಾಗಿ ಕೂಡಿಸಿದೆ. ಮೇ ತಿಂಗಳ ಬಿಸಿಲಿಗೆ ನಾರಾಯಣಪೇಟೆ ಹತ್ತಿರ ಹಳಿ ಹಾವಿನಂತೆ ಸೊಟ್ಟಗಾಯಿತು. ಎಂಟು ಅಡಿ ಹಳಿ ನಮ್ಮ ಬೇಸಿಗೆಗೆ ಸುಮಾರು ಒಂದು ಮಿಲಿಮೀಟರ್ ಹಿಗ್ಗುತ್ತದೆ. ಹಿಗ್ಗಲು ಜಾಗ ಬೇಕು. ಈಗ ಕೀಲು ಕೀಲಿಗೆ ಒಂದು ವಿಸಿಟಿಂಗ್ ಕಾರ್ಡಿನಷ್ಟು ಸಂದು ಬಿಟ್ಟಿದ್ದೇನೆ.

ಇನ್ನು ಮುಖ್ಯವಾದ ಮಾತಿಗೆ ಬರುತ್ತೇನೆ. ಸ್ಟೇಷನ್ ಎಂದ ಮೇಲೆ ಬೋರ್ಡು ಬೇಕು. ಹಳದಿ ಬಣ್ಣದ ಮೇಲೆ ಕಪ್ಪು ಅಕ್ಷರ. ಆ ರಜೆಗೆ ಮೊಮ್ಮಗ ಹೈದರಾಬಾದಿನಿಂದ ಬಂದಿದ್ದ. ಅವನು ಓದುವುದು ಇಂಗ್ಲಿಷಿನಲ್ಲಿ, ಶಾಲೆಯಲ್ಲಿ ಕಲಿಯುವುದು ತೆಲುಗು, ಹಿಂದಿ. ಮನೆಯಲ್ಲಿ ಕನ್ನಡ ತಿಳಿಯುತ್ತದೆ, ಉತ್ತರ ಮಾತ್ರ ತೆಲುಗಿನಲ್ಲಿ ಬರುತ್ತದೆ. “ತಾತಾ, ಮನ ಊರಿಕಿ ರೈಲು ಎಪ್ಪುಡು ವಸ್ತುಂದಿ?” ಎಂದು ಕೇಳಿದ. ನಮ್ಮೂರಿಗೆ ರೈಲು ಯಾವಾಗ ಬರುತ್ತದೆ ಎಂಬ ಪ್ರಶ್ನೆ. ನಾನು ನನ್ನ ತಂದೆಗೆ ಕೇಳಿದ್ದ ಪ್ರಶ್ನೆಯೇ ಇದು, ಭಾಷೆ ಮಾತ್ರ ಬೇರೆ. “ಬೋರ್ಡು ಬರಿ, ಇವತ್ತೇ ಬರ್ತದ” ಎಂದೆ.

ಅವನು ತೆಲುಗಿನಲ್ಲಿ ಊರ ಹೆಸರು ಬರೆದ. ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ ಬರೆದ. ಕೆಳಗೆ ಒಂದು ಸಾಲು ಖಾಲಿ ಉಳಿದಿತ್ತು. ಅಲ್ಲಿ ನಾನು ಕನ್ನಡದಲ್ಲಿ ಬರೆದೆ. ಹುಡುಗ ಬಗ್ಗಿ ನೋಡಿದ. “ಇದೂ ತೆಲುಗೇ ಅಲ್ಲಾ ತಾತಾ?” ಎಂದ. ಅಲ್ಲಪ್ಪ ಎಂದು ಪಕ್ಕದಲ್ಲಿ ಕೂಡಿಸಿಕೊಂಡೆ. ತೆಲುಗಿನ ತಲೆಕಟ್ಟು ಟಿಕ್ ಹಾಕಿದಂತೆ ಮೇಲಕ್ಕೆ ಚಿಮ್ಮುತ್ತದೆ, ಕನ್ನಡದ್ದು ಅಡ್ಡಲಾಗಿ ಹೋಗಿ ಬಲಕ್ಕೆ ಬಾಗುತ್ತದೆ. ಕೋ ಎಂಬಲ್ಲಿ ತೆಲುಗಿನ ದೀರ್ಘ ತಲೆಯ ಮೇಲೆಯೇ ಕೂಡುತ್ತದೆ, ಕನ್ನಡದ ದೀರ್ಘ ಬೇರೆಯಾಗಿ ಬಲಮಗ್ಗುಲಲ್ಲಿ ನಿಲ್ಲುತ್ತದೆ. ಗಿ ಎಂಬುದಂತೂ ಎರಡರಲ್ಲೂ ಅಣ್ಣತಮ್ಮಂದಿರ ಮುಖದಂತೆ. ಹುಡುಗ ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು ಓದಿದ. ಮಾರನೆಯ ದಿನ ಮಖ್ತಲ್ ಬೋರ್ಡಿಗೆ ಕನ್ನಡದ ಸಾಲನ್ನು ತಾನೇ ಬರೆಯುತ್ತೇನೆಂದ. ಒತ್ತಕ್ಷರದಲ್ಲಿ ಎಡವಿದ, ಅಳಿಸಿ ಮತ್ತೆ ಬರೆದ. ನಾಲ್ಕು ಬೋರ್ಡು ಮುಗಿಯುವಷ್ಟರಲ್ಲಿ ಅರ್ಧ ವರ್ಣಮಾಲೆ ಕೈಗೆ ಬಂದಿತ್ತು. ನಾನು ಎರಡು ವರ್ಷದಿಂದ ಅವನಿಗೆ ಕನ್ನಡದ ಪುಸ್ತಕ ಕೊಡುತ್ತಲೇ ಇದ್ದೆ. ಅವನು ತೆರೆದಿರಲಿಲ್ಲ.

ಬಂಧುಗಳೇ, ನಮ್ಮ ಸೀಮೆಯಲ್ಲಿ ಗಡಿಯೇ ಓಡಾಡಿದೆ, ಜನ ಇದ್ದಲ್ಲೇ ಇದ್ದಾರೆ. 1956ರಲ್ಲಿ ರಾಯಚೂರು ಜಿಲ್ಲೆಯ ಗದ್ವಾಲ, ಗುಲಬರ್ಗಾ ಜಿಲ್ಲೆಯ ಕೊಡಂಗಲ್ ತಾಲೂಕುಗಳು ಆಂಧ್ರಕ್ಕೆ ಸೇರಿದವು. 2014ರಲ್ಲಿ ತೆಲಂಗಾಣವಾಯಿತು. 2019ರಲ್ಲಿ ನಾರಾಯಣಪೇಟೆ ಜಿಲ್ಲೆಯಾಯಿತು. ಕಚೇರಿಯ ಬೋರ್ಡು ಬದಲಾದಂತೆ ಮನೆಯ ಮಾತೂ ಬದಲಾಗಬೇಕೆಂಬ ನಿಯಮವಿಲ್ಲ. ತೆಲುಗನ್ನು ಒರೆಸಿ ಕನ್ನಡ ಬರೆಯುವ ಅಗತ್ಯವೂ ಇಲ್ಲ. ಕೆಳಗೆ ಒಂದು ಸಾಲಿನ ಜಾಗ ಉಳಿಸಿಕೊಂಡರೆ ಸಾಕು.

ನಿಜವಾದ ರೈಲೂ ಹತ್ತಿರ ಬರುತ್ತಿದೆ. 2013ರಲ್ಲಿ ಗದ್ವಾಲಕ್ಕೂ ರಾಯಚೂರಿಗೂ ಹಳಿ ಕೂಡಿತು. 1997-98ರಲ್ಲಿ ಮಂಜೂರಾದ ಮಹಬೂಬನಗರ–ಮುನಿರಾಬಾದ್ ಮಾರ್ಗ ಮಖ್ತಲ್ ದಾಟಿ ಕೃಷ್ಣಾ ಮುಟ್ಟಲು ಕಾಲು ಶತಮಾನ ಹಿಡಿಯಿತು. 2023ರ ಅಕ್ಟೋಬರ್ 1ರಂದು ಕೃಷ್ಣಾ ಸ್ಟೇಷನ್ನಿನಿಂದ ಕಾಚಿಗುಡ–ರಾಯಚೂರು ರೈಲಿಗೆ ಹಸಿರು ನಿಶಾನೆ ತೋರಿಸಿದರು. ವಿಕಾರಾಬಾದಿನಿಂದ ಕೊಡಂಗಲ್, ನಾರಾಯಣಪೇಟೆ, ಮಖ್ತಲ್ ಮೇಲೆ ಕೃಷ್ಣಾಕ್ಕೆ ಇನ್ನೊಂದು ಮಾರ್ಗದ ಮಾತಂತೂ ಬಹಳ ವರ್ಷಗಳದು. ಅದು ನನ್ನ ಕಾಲಕ್ಕೆ ಆದೀತೋ ಇಲ್ಲವೋ, ಮೊಮ್ಮಗನ ಕಾಲಕ್ಕೆ ಆಗಲಿ.

ಮೊನ್ನೆ ತಮ್ಮ ಊರಿಗೆ ಬಂದಿದ್ದ. ಕೋಣೆಗೆ ಹೋಗಿ ಮೊದಲು ಹಲಗೆಯ ಕೆಳಗೆ ಬಗ್ಗಿ ಹಗ್ಗದ ಬಿಗಿ ನೋಡಿದ. ಆಮೇಲೆ ತಾನೇ ಗುಂಡಿ ತಿರುಗಿಸಿದ. ರೈಲು ಕೃಷ್ಣಾದಿಂದ ಹೊರಟು ಕೋಸಗಿಗೆ ಬಂದು ನಿಂತಿತು. ಸ್ವಿಚ್ಚು ಒತ್ತಿದ, ಹಿಂದಕ್ಕೆ ಹೋಯಿತು. ಹೀಗೆ ಎಷ್ಟೋ ಹೊತ್ತು ಓಡಿಸಿದ. ಕೊನೆಗೆ, “ಅಪ್ಪ ನೋಡಬೇಕಾಗಿತ್ತು” ಎಂದ. ನಾನು ಏನೂ ಹೇಳಲಿಲ್ಲ. ನಮ್ಮ ಮನೆಯವರು ಚಹಾ ತಂದುಕೊಟ್ಟು, “ಇನ್ನೊಮ್ಮೆ ಬಿಡ್ರಿ, ನಾನೂ ನೋಡ್ತೀನಿ” ಎಂದರು.